ಡಾಕಪ್ಪ ಹಾಸದ ಬಟ್ಟೆ

ಮೇಡ್ಲೇರಿಯ ಹರಗೋಲಿನ ಡಾಕಪ್ಪನಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ವಿಮಾನದ ನೌಕರಿ ಸಿಕ್ಕಿತು. ಸಹಿ ಮಾಡಲು ಬಾರದವನಿಗೆ, ಹುಬ್ಬಳ್ಳಿಯನ್ನು ಜನ್ಮದಲ್ಲಿ ಎರಡೇ ಸಲ ಕಂಡವನಿಗೆ, ಬಸ್ಸು ಹತ್ತಿದರೆ ರಾಣೇಬೆನ್ನೂರು ಮುಟ್ಟುವಷ್ಟರಲ್ಲಿ ವಾಂತಿ ಮಾಡಿಕೊಳ್ಳುವವನಿಗೆ ವಿಮಾನದ ನೌಕರಿ. ಊರು ಮೊದಲು ನಕ್ಕಿತು, ಆಮೇಲೆ ಹೊಟ್ಟೆಕಿಚ್ಚುಪಟ್ಟಿತು, ಕೊನೆಗೆ ಎರಡನ್ನೂ ಒಟ್ಟಿಗೇ ಮಾಡತೊಡಗಿತು.

ಆದದ್ದಿಷ್ಟು. ೧೯೮೭ರಲ್ಲಿ ಹೊಳೆಸಾಲಿನ ಹತ್ತಿಗೆಲ್ಲ ಕಾಯಿಕೊರಕ ಹುಳ ಬಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವುದು ಎಲ್ಲರೂ ಮಾಡುವ ಕೆಲಸ. ಆದರೆ ಸೊಸೈಟಿಯ ಚೇರಮನ್ ಶಿವಾನಂದಪ್ಪ ಎಲ್ಲರೂ ಮಾಡುವ ಕೆಲಸವನ್ನು ಎಂದೂ ಮಾಡಿದವನಲ್ಲ. ಬಸ್ ನಿಲ್ದಾಣಕ್ಕೆ ಅವನು ದಾನ ಕೊಟ್ಟ ಕಲ್ಲಿನ ಬೆಂಚಿನ ಮೇಲೆ ಕೂರುವುದಕ್ಕೇ ಜಾಗವಿಲ್ಲ, ಅಷ್ಟು ದೊಡ್ಡದಾಗಿ ಅವನ ಹೆಸರು ಉಬ್ಬಿಕೊಂಡಿದೆ. ಮಾಡಿದ್ದು ಏಳು ಊರಿಗೆ ಕಾಣಬೇಕು, ಸಾಧ್ಯವಾದರೆ ಕೇಳಲೂಬೇಕು ಎನ್ನುವುದು ಅವನ ಧರ್ಮ. ಹಾಗಾಗಿ ಅವನು ರಾಣೇಬೆನ್ನೂರು, ಧಾರವಾಡ, ಬೆಂಗಳೂರು ಸುತ್ತಿ, ವಿಮಾನದಿಂದ ಎಣ್ಣೆ ಹೊಡೆಯುವ ಒಂದು ಖಾಸಗಿ ಕಂಪನಿಯನ್ನು ಹಿಡಿದುಕೊಂಡು ಬಂದ.

ಒಬ್ಬನೇ ಕೂರುವ ಹಳದಿ ಬಣ್ಣದ ಸಣ್ಣ ವಿಮಾನ. ರಾತ್ರಿ ಹುಬ್ಬಳ್ಳಿಯಲ್ಲಿ ತಂಗಿ, ಬೆಳಿಗ್ಗೆ ಮೇಡ್ಲೇರಿಯ ಗಾಯರಾಣಕ್ಕೆ ಬಂದು ಇಳಿಯುತ್ತಿತ್ತು. ದನ ಮೇಯುವ ಆ ಬಯಲನ್ನೇ ಒಂದಿಷ್ಟು ಕೆರೆದು, ರೋಲರ್ ಉರುಳಿಸಿ ಓಡುವ ದಾರಿ ಮಾಡಿದ್ದರು. ಅಲ್ಲಿ ಕಂಪನಿಯ ಡ್ರೈವರ್ ಯೂಸುಫಸಾಬ ಬ್ಯಾರಲ್ಲುಗಳಲ್ಲಿ ಔಷಧ ಕಲಸಿ ತುಂಬಿಸುತ್ತಿದ್ದ. ಗಾಳಿ ಏಳುವ ಮೊದಲು, ಒಂಬತ್ತೂವರೆಯೊಳಗೆ ಕೆಲಸ ಮುಗಿಯಬೇಕು.

ತೊಡಕಿದ್ದದ್ದು ಮಂಜಿನದು. ಕಾರ್ತಿಕದ ಬೆಳಗಿನಲ್ಲಿ ತುಂಗಭದ್ರೆಯ ಮೇಲಿಂದ ಮಂಜು ಎದ್ದು ಗಾಯರಾಣದ ತನಕ ಬಂದು ಕೂತುಬಿಡುತ್ತದೆ. ಹುಬ್ಬಳ್ಳಿಯಲ್ಲಿ ಬಿಸಿಲು ಬಿದ್ದಿದ್ದರೂ ಇಲ್ಲಿ ಮುಂದೆ ಹೋಗುವವನ ಬೆನ್ನು ಕಾಣುವುದಿಲ್ಲ. ಹೊರಟು ಬರುವ ವಿಮಾನಕ್ಕೆ ಇದನ್ನು ತಿಳಿಸುವುದು ಹೇಗೆ? ಊರಿನಲ್ಲಿದ್ದ ಒಂದೇ ಟೆಲಿಫೋನು ಶಿವಾನಂದಪ್ಪನ ಪಡಸಾಲೆಯಲ್ಲಿತ್ತು. ಅದಕ್ಕೆ ಕಸೂತಿ ಬಟ್ಟೆ ಹೊದಿಸಿದ್ದರು, ಶುಕ್ರವಾರಕ್ಕೊಮ್ಮೆ ಊದಿನಕಡ್ಡಿ ಬೆಳಗುತ್ತಿದ್ದರು. ಅದು ಮಾತಾಡಿದ್ದನ್ನು ಕಂಡವರು ಮಾತ್ರ ಕಡಿಮೆ.

ಕೊನೆಗೆ ಕಂಪನಿಯವರು ಒಂದು ಬಟ್ಟೆ ಕೊಟ್ಟರು. ಇಪ್ಪತ್ತು ಮೊಳ ಉದ್ದದ, ಎಂಟು ಮೊಳ ಅಗಲದ, ಹಾಲಿನಂಥ ಬಿಳಿ ಬಟ್ಟೆ. ಗಾಯರಾಣದ ತುದಿಯಲ್ಲಿ ಅದನ್ನು ಹಾಸಿದ್ದರೆ ಕೆಳಗೆ ಮಂಜಿಲ್ಲ, ಇಳಿಯಬಹುದು ಎಂದು ಅರ್ಥ. ಹಾಸಿಲ್ಲದಿದ್ದರೆ ಒಂದು ಸುತ್ತು ಹಾಕಿ ವಾಪಸು ಹುಬ್ಬಳ್ಳಿಗೆ ಹೋಗಬೇಕು. ಇಷ್ಟೇ ಕಟ್ಟಳೆ. ಬಟ್ಟೆ ಹಾಸುವ ಮನುಷ್ಯನಿಗೆ ಓದು ಬರಹ ಬೇಡ, ಮಂಜು ತಿಳಿದಿರಬೇಕು, ಯಾರ ಮುಲಾಜಿಗೂ ಬೀಳಬಾರದು ಎಂದರು. ಅಂಥವನು ಊರಲ್ಲಿ ಒಬ್ಬನೇ ಇದ್ದ.

ಡಾಕಪ್ಪ ಇಪ್ಪತ್ತಾರು ವರ್ಷ ಹರಗೋಲು ಹಾಕಿದವನು. ಆಚೆ ದಂಡೆಯ ಜಾಲಿಗಿಡ ಕಂಡರೆ ಹರಗೋಲು ನೀರಿಗೆ. ಕಾಣದಿದ್ದರೆ ಮದುವೆಯ ದಿಬ್ಬಣವೇ ಬಂದು ನಿಲ್ಲಲಿ, ಬಸುರಿ ಹೆಂಗಸು ನೋವು ತಿನ್ನುತ್ತ ಬರಲಿ, ಅವನು ಹುಟ್ಟು ಮುಟ್ಟುತ್ತಿರಲಿಲ್ಲ. ಹಾಗೆ ಕಾಯುತ್ತ ದಂಡೆಯ ಮೇಲೆಯೇ ಹುಟ್ಟಿದ ಇಬ್ಬರು ಊರಲ್ಲಿದ್ದಾರೆ. ಅವರ ತಾಯಂದಿರು ಇಂದಿಗೂ ಡಾಕಪ್ಪನನ್ನು ಮಾತಾಡಿಸುವುದಿಲ್ಲ. ಆದರೆ ಆ ಇಪ್ಪತ್ತಾರು ವರ್ಷದಲ್ಲಿ ಅವನ ಹರಗೋಲಿನಿಂದ ಒಂದು ಜೀವವೂ ಹೊಳೆ ಪಾಲಾಗಿರಲಿಲ್ಲ. ಅವನ ಹತ್ತಿರ ಹೆಸರು ಅಂತ ಇದ್ದದ್ದು ಅದೊಂದೇ, ಅದನ್ನು ಅವನು ಹೆಗಲ ಮೇಲಿನ ಟವೆಲಿಗಿಂತ ಹೆಚ್ಚು ಜೋಪಾನ ಮಾಡುತ್ತಿದ್ದ.

ಕಂಪನಿ ಅವನಿಗೆ ಒಂದು ಖಾಕಿ ಟೊಪ್ಪಿಗೆಯನ್ನೂ ಕೊಟ್ಟಿತು. ಅಲ್ಲಿಗೆ ಮನುಷ್ಯ ಕೆಟ್ಟ. ಊಟಕ್ಕೆ ಕೂತಾಗಲೂ ಟೊಪ್ಪಿಗೆ ತಲೆಯ ಮೇಲೆ. ಯಾರಾದರೂ "ಏನಪಾ ಡಾಕಪ್ಪ, ನಾಳಿಗೆ ಇಮಾನ ಬರ್ತೈತೇನು?" ಎಂದು ಕೇಳಿದರೆ ಆಕಾಶವನ್ನು ಎರಡು ನಿಮಿಷ ನೋಡಿ, "ಈಗ ಹೇಳಾಕ ಬರೂದಿಲ್ಲ" ಎನ್ನುತ್ತಿದ್ದ.

ಹೆಂಡತಿ ಗುತ್ತೆವ್ವ ಮಾತ್ರ ಈ ದರ್ಬಾರಿಗೆ ಸೊಪ್ಪು ಹಾಕಿದವಳಲ್ಲ. "ಇಮಾನ ನಿಂದರಸತಾನಂತ ನನ್ನ ಗಂಡ. ಒಲಿ ಮ್ಯಾಲೆ ಉಕ್ಕೋ ಹಾಲು ನಿಂದರಸಂದ್ರ ಆಗಲಿಲ್ಲ" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ವಿಮಾನ ಹಾರಿಸುತ್ತಿದ್ದವನು ಹಾವೇರಿಯ ಹುಡುಗ ರಮೇಶ. ಇಪ್ಪತ್ತೇಳು ವರ್ಷ, ನಗುಮುಖ, ತಾಯಿ ಹಾವೇರಿಯಲ್ಲಿ ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಕೆಲಸ ಮುಗಿದ ಮೇಲೆ ಅವನು ಬೇವಿನ ಗಿಡದ ಬುಡದಲ್ಲಿ ಡಾಕಪ್ಪನ ಪಕ್ಕ ಕೂತು ಗುತ್ತೆವ್ವ ಕಳಿಸಿದ ರೊಟ್ಟಿ ತಿನ್ನುತ್ತಿದ್ದ. ಮಂಜಿನ ಮೋಸದ ಬಗ್ಗೆ ಇಬ್ಬರಿಗೂ ಮಾತು ಮುಗಿಯುತ್ತಿರಲಿಲ್ಲ. ದಂಡೆಯ ಮೇಲೆ ನಿಂತು ಕಾಲ ಬುಡದಲ್ಲಿ ನೋಡಿದರೆ ನೀರು ತಿಳಿಯಾಗಿ ಕಾಣುತ್ತದೆ, ತಲೆ ಎತ್ತಿ ಮುಂದೆ ನೋಡಿದರೆ ಹತ್ತು ಮಾರು ದೂರದ ಹರಗೋಲೂ ಇರುವುದಿಲ್ಲ, ಇದು ಡಾಕಪ್ಪನ ಅನುಭವ. ರಮೇಶ ತಲೆದೂಗಿದ.

"ಮ್ಯಾಲೂ ಹಂಗ ಅದ ಡಾಕಪ್ಪಣ್ಣ. ನೆತ್ತಿ ಮ್ಯಾಲಿಂದ ನೆಟ್ಟಗ ಕೆಳಗ ನೋಡಿದ್ರ ಎಲ್ಲಾ ಕಾಣ್ತದ, ಎಮ್ಮಿ, ಗಿಡ, ಬದು, ಎಲ್ಲಾ. ಮಂಜು ಭಾಳ ತೆಳ್ಳಗದ ಅನಸ್ತದ. ಇಳೀಲಿಕ್ಕೆ ಓರೆಯಾಗಿ ಬಂದಾಗ ನೋಡ್ರಿ, ಮುಂದ ಏನೂ ಇಲ್ಲ. ಅದಕ್ಕ ನಾ ನನ್ನ ಕಣ್ಣು ನಂಬೂದಿಲ್ಲ. ನಿಮ್ಮ ಬಟ್ಟಿ ನಂಬ್ತೀನಿ."

ಡಾಕಪ್ಪ ಟೊಪ್ಪಿಗೆ ಸರಿಮಾಡಿಕೊಂಡ. ಅವತ್ತಿನಿಂದ ಬಟ್ಟೆ ಹಾಸುವ ಜಾಗವನ್ನು ದಿನವೂ ಕಸ ಹೊಡೆದು, ಮುಳ್ಳು ಆರಿಸಿ, ದೇವರ ಕೋಣೆಯ ಹಾಗೆ ಇಟ್ಟುಕೊಂಡ. ಎರಡು ಸಲ ಮಂಜು ಬಿತ್ತು, ಎರಡು ಸಲವೂ ಬಟ್ಟೆ ಹಾಸಲಿಲ್ಲ. ರಮೇಶ ಒಂದು ಸುತ್ತು ಹಾಕಿ ವಾಪಸು ಹೋದ. ರೈತರು ಗೊಣಗಿದರು. ಡಾಕಪ್ಪ ಬೀಗಿದ.

ಹೀಗಿರುವಾಗ ಉಪಮಂತ್ರಿಗಳು ವಿಮಾನ ನೋಡಲು ಬರುತ್ತಾರೆ ಎಂಬ ಸುದ್ದಿ ಬಂತು. ಶಿವಾನಂದಪ್ಪ ಮೂರು ದಿನ ನಿದ್ದೆ ಮಾಡಲಿಲ್ಲ. ಉಪಮಂತ್ರಿಗಳಿಗೆ ಖುರ್ಚಿ ಹಾಕಿದರೆ ಅದು ಎಲ್ಲರೂ ಮಾಡುವ ಕೆಲಸವಾಗುತ್ತದೆ. ಗಾದಿ ಹಾಸಬೇಕು, ಲೋಡು ಇಡಬೇಕು, ಉಪಮಂತ್ರಿಗಳು ಒರಗಿಕೊಂಡು ವಿಮಾನ ನೋಡಬೇಕು. ಮೇಲೆ ಚಪ್ಪರ ಬೇಡ, ಚಪ್ಪರವಿದ್ದರೆ ವಿಮಾನ ಕಾಣುವುದು ಹೇಗೆ? ಅಷ್ಟು ಗಾದಿ ಮೇಡ್ಲೇರಿಯಲ್ಲಿ ಎಲ್ಲಿಂದ ಬರಬೇಕು? ಬ್ಯಾಡಗಿಯಲ್ಲಿ ಅವನ ಬೀಗರ ದಲಾಲಿ ಅಂಗಡಿಯಿತ್ತು. ಮೆಣಸಿನಕಾಯಿ ವ್ಯಾಪಾರಸ್ಥರು ಮೂವತ್ತು ವರ್ಷ ಕೂತು ಎದ್ದ ಆರು ಗಾದಿಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಅವನ ಆಳು ಮೈಲಾರೆಪ್ಪ ಮುಂಜಾನೆ ಐದೂವರೆಗೆ ಗಾಯರಾಣಕ್ಕೆ ಬಂದ.

ಇಳಿಸಿದ ಮೇಲೆ ನೋಡಿದರೆ ಗಾದಿಗಳ ಬಣ್ಣವೇ ಕೆಂಪು. ಕೈಯಿಂದ ತಟ್ಟಿದರೆ ಖಾರದ ಪುಡಿ ಹಾರಿತು. ಮೈಲಾರೆಪ್ಪ ಹದಿನೆಂಟು ಸಲ ಸೀನಿದ. ಉಪಮಂತ್ರಿಗಳು ಉಡುವುದು ಅಚ್ಚ ಬಿಳಿಯ ಧೋತರ. ಈ ಗಾದಿಗಳ ಮೇಲೆ ಕೂತು ಎದ್ದರೆ ಹಿಂದಿನಿಂದ ಹೇಗೆ ಕಂಡಾರು ಎಂದು ಯೋಚಿಸಿದ ಶಿವಾನಂದಪ್ಪನಿಗೆ ಚಳಿಯಲ್ಲೂ ಬೆವರಿತು.

"ಬಿಳೀ ಹಾಸು ತಾ ಅಂದಿದ್ನಲ್ಲೋ, ಎಲ್ಲೈತಿ?"

"ಹಾಸಿಂದು ನೀವು ಹೇಳಿದ್ದಿಲ್ರಿ ಸಾಹುಕಾರ್ರ. ಗಾದಿ ತಾ ಅಂದ್ರಿ, ತಂದೇನಿ."

ಉಪಮಂತ್ರಿಗಳು ಬರುವುದು ಹತ್ತು ಗಂಟೆಗೆ. ಅಂದರೆ ಹನ್ನೆರಡಕ್ಕೆ. ಆದರೂ ಆರು ಗಂಟೆಗೇ ಗಾದಿ ಸಿದ್ಧವಿರಬೇಕು ಎನ್ನುವುದು ಸೊಸೈಟಿಯ ಶಿಸ್ತು. ಮೈಲಾರೆಪ್ಪ ಸುತ್ತ ಕಣ್ಣಾಡಿಸಿದ. ಬೇವಿನ ಗಿಡದ ಬುಡದಲ್ಲಿ ಡಾಕಪ್ಪ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಅವತ್ತು ಮಂಜು ಬಿದ್ದಿತ್ತು. ಹೊಳೆ ಇರಲಿ, ಗಾಯರಾಣದ ಆ ತುದಿಯೇ ಕಾಣುತ್ತಿರಲಿಲ್ಲ.

"ಕಾಕಾ, ಇವತ್ತ ಬಟ್ಟಿ ಹಾಸತಿಯೇನು?"

"ಕಣ್ಣು ಕಾಣೂದಿಲ್ಲೇನು ನಿನಗ? ಮಂಜು ನೋಡು. ಹಾಸಂಗಿಲ್ಲ."

"ಚೇರಮನ್ರು ಹೇಳಿದ್ರ?"

"ಅವರಪ್ಪ ಬಂದು ಹೇಳಿದ್ರೂ ಹಾಸಂಗಿಲ್ಲ."

"ಬ್ಯಾಡ ಬಿಡು. ಹೆಂಗೂ ಹಾಸಂಗಿಲ್ಲಂದ ಮ್ಯಾಲೆ ಅದನ್ನ ತೊಡಿ ಮ್ಯಾಲೆ ಇಟಗೊಂಡು ಏನು ಮಾಡ್ತಿ? ಕೊಡಿಲ್ಲೆ. ಗಾದಿ ಮ್ಯಾಲೆ ಹಾಸ್ತೇವಿ. ಮಂತ್ರಿ ಎದ್ದ ಮ್ಯಾಲೆ ಮಡಚಿ ತಂದು ಕೊಡ್ತೇನಿ."

ಡಾಕಪ್ಪ ಯೋಚಿಸಿದ. ಯಾವ ಕಡೆಯಿಂದ ನೋಡಿದರೂ ಈ ಮಾತಿನಲ್ಲಿ ತಪ್ಪು ಸಿಗಲಿಲ್ಲ. ಅವತ್ತು ಬಟ್ಟೆಗೆ ಕೆಲಸವಿರಲಿಲ್ಲ, ಗಾದಿಗೆ ಬಟ್ಟೆಯಿರಲಿಲ್ಲ. ಬಂದ ಅತಿಥಿಗೆ ಹಾಸಲು ಕೇಳಿದ್ದನ್ನು ಇಲ್ಲ ಅನ್ನುವುದು ಅವರ ಮನೆತನದಲ್ಲೇ ಇರಲಿಲ್ಲ. ಇದರ ಜೊತೆಗೆ ಇನ್ನೊಂದಿತ್ತು, ಅದನ್ನು ಮುಚ್ಚಿಡುವುದೇಕೆ? ಉಪಮಂತ್ರಿಗಳು ಕೂರುವುದು ತನ್ನ ಬಟ್ಟೆಯ ಮೇಲೆ ಎಂಬ ವಿಚಾರಕ್ಕೆ ಟೊಪ್ಪಿಗೆಯೊಳಗಿನ ತಲೆ ಬೆಚ್ಚಗಾಯಿತು. ಗಂಟು ಕೊಟ್ಟ. ಕೊಟ್ಟು ಸುಮ್ಮನಿರಲಿಲ್ಲ.

"ಅಲ್ಲಿ ತಗ್ಗಿನಾಗ ಯಾಕ ಹಾಕೀರಿ ಗಾದಿ? ನೆಗ್ಗಿಲಮುಳ್ಳು ಐತಿ. ಇಲ್ಲಿ ಹಾಕ್ರಿ, ನಾ ದಿನಾ ಕಸಾ ಹೊಡಿಯೋ ಜಾಗಾ. ನುಣ್ಣಗ ಐತಿ."

ಆರು ಗಾದಿ ಸಾಲಾಗಿ ಬಂದು ಅಲ್ಲಿ ಬಿದ್ದವು. ಬಟ್ಟೆಯ ಒಂದು ತುದಿಯನ್ನು ಮೈಲಾರೆಪ್ಪ ಹಿಡಿದ, ಇನ್ನೊಂದು ತುದಿಯನ್ನು ಡಾಕಪ್ಪ ಹಿಡಿದ. ಸುಕ್ಕು ಬಾರದಂತೆ ಜಗ್ಗಿ, ಅಂಚು ಒಳಗೆ ಸೇರಿಸಿ, ಅಂಗೈಯಿಂದ ಸವರಿದ. ಛಲೋ ಆಯಿತು ಎಂದು ತಾನೇ ಹೇಳಿಕೊಂಡು, ಮಂಜು ಯಾವಾಗ ಏಳುತ್ತದೆಂದು ನೋಡಲು ಹೊಳೆಯ ಒಡ್ಡಿನ ಕಡೆ ನಡೆದ. ತನ್ನ ಕೆಲಸ ತಾನು ಮಾಡಿದೆ, ಮಂಜಿನಲ್ಲಿ ಬಟ್ಟೆ ಹಾಸಲಿಲ್ಲ ಎಂಬ ತೃಪ್ತಿ ಅವನ ಹೆಜ್ಜೆಯಲ್ಲಿತ್ತು.

ಆರೂ ಮುಕ್ಕಾಲಿಗೆ ವಿಮಾನದ ಸದ್ದು ಬಂತು. ಒಡ್ಡಿನ ಮೇಲೆ ಕೂತ ಡಾಕಪ್ಪ ಎಂದಿನಂತೆ ಕೇಳುತ್ತ ಕೂತ. ಒಂದು ಸುತ್ತು. ಇನ್ನು ಸದ್ದು ಬಡಗಣಕ್ಕೆ ತಿರುಗಿ ದೂರವಾಗಬೇಕು. ಆಗಲಿಲ್ಲ. ಎರಡನೆಯ ಸುತ್ತು ಬಂತು, ನೆತ್ತಿಯ ಮೇಲೇ. ಆಮೇಲೆ ಸದ್ದು ದಪ್ಪಗಾಗಿ, ಕೆಳಗೆ ಬರತೊಡಗಿತು. ಇಳಿಯುವಾಗ ಬರುವ ಸದ್ದು ಅದು. ಡಾಕಪ್ಪನಿಗೆ ಅದು ಗೊತ್ತಿತ್ತು, ಆದರೆ ಯಾಕೆ ಇಳಿಯುತ್ತಿದ್ದಾನೆ ಎಂದು ತಿಳಿಯಲಿಲ್ಲ. ನಾನು ಹಾಸಿಲ್ಲವಲ್ಲ ಎಂದುಕೊಂಡ. ಹಾಗೆ ಅಂದುಕೊಂಡ ಮರುಕ್ಷಣ ಗಾದಿಯ ಮೇಲಿನ ಬಟ್ಟೆ ನೆನಪಾಯಿತು. ಟೊಪ್ಪಿಗೆ ಎಲ್ಲಿ ಬಿತ್ತೋ ನೋಡದೆ ಓಡಿದ.

ಗಾದಿಯ ಹತ್ತಿರ ನಿಂತ ಜನ ಮಂಜಿನೊಳಗೆ ಕೈ ಬೀಸುತ್ತಿದ್ದರು. ಡಾಕಪ್ಪ ದೂರದಿಂದಲೇ "ಬಟ್ಟಿ ತಗೀರಿ, ಬಟ್ಟಿ ತಗೀರಿ" ಎಂದು ಕೂಗಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ವಿಮಾನ ಓಡುದಾರಿಯ ಎಡಕ್ಕೆ ಸರಿದು ಬಂದು, ಕಾಲುವೆಯ ಒಡ್ಡಿಗೆ ಗಾಲಿ ಬಡಿದು, ಹತ್ತಿಯ ಹೊಲದಲ್ಲಿ ತಲೆಕೆಳಗಾಗಿ ಬಿತ್ತು. ಔಷಧದ ವಾಸನೆ ಊರ ತನಕ ಹರಡಿತು.

ರಮೇಶನಿಗೆ ಜೀವವಿತ್ತು. ಎತ್ತಿ ತಂದರು. ಅಲ್ಲಿ ವೇಗವಾಗಿ ಓಡಬಲ್ಲ ವಾಹನ ಎಂದರೆ ಉಪಮಂತ್ರಿಗಳನ್ನು ಎದುರುಗೊಳ್ಳಲು ಚೆಂಡುಹೂವಿನಲ್ಲಿ ಮುಚ್ಚಿಹೋಗಿದ್ದ ಶಿವಾನಂದಪ್ಪನ ಜೀಪು. ಮೈಲಾರೆಪ್ಪ "ತಡೀರಿ, ಹೂವು ಬಿಚ್ಚಿಕೊಡ್ತೇನಿ, ಮಂತ್ರಿ ಬಂದಾಗ ಮತ್ತ ಬೇಕಾಗ್ತಾವು" ಎಂದು ಗಂಟು ಬಿಚ್ಚಲು ಹೋದ. ಯೂಸುಫಸಾಬ ಅವನನ್ನು ಒಂದು ಕೈಯಿಂದ ಆಚೆ ತಳ್ಳಿ ಹೂವಿನ ಜೀಪನ್ನೇ ಹೊಡೆದುಕೊಂಡು ಹೋದ. ರಾಣೇಬೆನ್ನೂರಿನ ದವಾಖಾನೆ ಎರಡು ಮೈಲಿ ಇರುವಾಗ ರಮೇಶ ತೀರಿಕೊಂಡ. ಅದಕ್ಕೆ ಮೊದಲು ಒಂದು ಮಾತಾಡಿದ್ದ. ಸಂಜೆ ಯೂಸುಫಸಾಬ ಬಂದು ಅದನ್ನು ಡಾಕಪ್ಪನಿಗೊಬ್ಬನಿಗೇ ಹೇಳಿದ.

"ಬಟ್ಟಿ ಹಾಸಿತ್ತಲ್ಲ, ಯೂಸುಫಭಾಯಿ ಅಂದಾ. ಎರಡು ಸಲ ಅಂದಾ."

ಡಾಕಪ್ಪ ಅವತ್ತು ಉಣ್ಣಲಿಲ್ಲ.

ಇತ್ತ ಉಪಮಂತ್ರಿಗಳು ಹನ್ನೆರಡೂ ಕಾಲಿಗೆ ಬಂದರು. ಆಗ ಬಿಸಿಲು ಸುಡುತ್ತಿತ್ತು. ಗಾದಿ ಬಟ್ಟೆ ಎಲ್ಲ ಮಾಯವಾಗಿ, ಆ ಜಾಗದಲ್ಲಿ ಖುರ್ಚಿ ಬಂದಿದ್ದವು. ಉಪಮಂತ್ರಿಗಳು ಹಣೆಗೆ ಕೈ ಅಡ್ಡ ಹಿಡಿದು ನಾಲ್ಕೂ ದಿಕ್ಕು ನೋಡಿ, "ಎಲ್ಲಿದೆ ಮಂಜು? ನನಗೇನೋ ಕಾಣುವುದಿಲ್ಲವಲ್ಲ" ಎಂದರು. ಉಪಮಂತ್ರಿಗಳಿಗೆ ಕಾಣದ್ದು ತಮಗೆ ಕಂಡಿತ್ತೆಂದು ಹೇಳುವಷ್ಟು ಉದ್ಧಟರು ಅಲ್ಲಿ ಯಾರೂ ಇರಲಿಲ್ಲ. ಅವತ್ತು ಮುಂಜಾನೆ ಎದುರಿನವನ ಮುಖ ಕಾಣದೆ ಡಿಕ್ಕಿ ಹೊಡೆದುಕೊಂಡಿದ್ದವರೂ ಸ್ವಲ್ಪ ಇಬ್ಬನಿ ಇತ್ತೇನೋ ಎಂದರು. ಸಂಜೆಯ ಹೊತ್ತಿಗೆ ಅದೂ ಇರಲಿಲ್ಲ.

ಅವತ್ತೇ ಪೊಲೀಸರು ಬಂದು ಕೇಳಿಕೊಂಡು ಹೋದರು, ತಿಂಗಳ ಮೇಲೆ ವಿಚಾರಣೆ ಬಂತು. ಅದಕ್ಕೆ ಮೊದಲೇ ಶಿವಾನಂದಪ್ಪ ಡಾಕಪ್ಪನನ್ನು ಮನೆಗೆ ಕರೆಸಿ, ಚಹಾ ಕುಡಿಸಿ, ಟೆಲಿಫೋನಿನ ಪಕ್ಕದ ಖುರ್ಚಿಯಲ್ಲೇ ಕೂರಿಸಿದ.

"ನಾ ಏನು ನಿನಗ ಸುಳ್ಳು ಹೇಳಂತೇನೇನು ಡಾಕ್ಯಾ? ಖರೇನ ಹೇಳು. ಮಂಜಿನಾಗ ಬಟ್ಟಿ ಹಾಸೀಯೇನಂತ ಕೇಳ್ತಾರ. ನೀ ಹಾಸೀಯೇನು?"

"ಇಮಾನಕ್ಕ ಹಾಸಿಲ್ರಿ."

"ಮತ್ತ? ಇಲ್ಲಂತ ಹೇಳು. ಗಾದಿ ಸುದ್ದಿ ಅವರು ಕೇಳಿದ್ರ ಹೇಳು, ಕೇಳದಿದ್ರ ನಮಗ್ಯಾಕ? ಯುಗಾದಿ ಮ್ಯಾಲೆ ಹರಗೋಲು ಹಾಕೋ ಗುತ್ತಿಗಿ ಹರಾಜು ಬರ್ತೈತಿ. ಈ ಸಲಾನೂ ನಿನಗ ಆಗಬೇಕಲ್ಲ?"

ರಾಣೇಬೆನ್ನೂರಿನ ಪ್ರವಾಸಿ ಮಂದಿರದಲ್ಲಿ ದೂರದಿಂದ ಬಂದ ಸಾಹೇಬರು ಕೂತಿದ್ದರು. ಗಾದಿಯ ಸುದ್ದಿ ಅವರಿಗೆ ಕನಸಿನಲ್ಲೂ ಬರುವಂತಿರಲಿಲ್ಲ. ಯೂಸುಫಸಾಬ ಬಾಗಿಲ ಹೊರಗೆ ಮೂರು ತಾಸು ನಿಂತಿದ್ದ, ಡ್ರೈವರನನ್ನು ಕೇಳುವುದೇನಿದೆ ಎಂದು ಒಳಗೆ ಕರೆಯಲಿಲ್ಲ. ಡಾಕಪ್ಪನಿಗೆ ಕೇಳಿದ ಪ್ರಶ್ನೆ ಮೂರು. ಮಂಜಿತ್ತೆ? ಇತ್ತು. ಸೂಚನೆಯ ಬಟ್ಟೆ ಹಾಸಿದೆಯಾ? ಇಲ್ಲ. ಬೇರೆ ಏನಾದರೂ ಹೇಳುವುದಿದೆಯೆ? ಮೂರನೆಯ ಪ್ರಶ್ನೆಗೆ ಡಾಕಪ್ಪ ಬಾಯಿ ತೆರೆದ. ಗೋಡೆಗೆ ಒರಗಿ ನಿಂತ ಶಿವಾನಂದಪ್ಪ ಕೆಮ್ಮಲೂ ಇಲ್ಲ, ಕಣ್ಣೂ ಕೆಂಪಗೆ ಮಾಡಲಿಲ್ಲ. ಡಾಕಪ್ಪ ತಾನೇ "ಏನೂ ಇಲ್ರಿ" ಎಂದ.

ವರದಿ ಬಂತು. ಮೇಡ್ಲೇರಿಯಲ್ಲಿ ಒಬ್ಬನೇ ಒಬ್ಬನೂ ತಪ್ಪು ಮಾಡಿರಲಿಲ್ಲ. ಸೊಸೈಟಿ ಸರಿ, ಕಂಪನಿ ಸರಿ, ಸೂಚನೆಯ ವ್ಯವಸ್ಥೆ ಅತ್ಯಂತ ಸರಿ. ಸೂಚನೆಯಿಲ್ಲದಿದ್ದರೂ ಅತಿಯಾದ ಆತ್ಮವಿಶ್ವಾಸದಿಂದ ಇಳಿಯಲು ಹೋದ ಚಾಲಕನೇ ಕಾರಣ. ತಪ್ಪನ್ನು ಹೊತ್ತುಕೊಳ್ಳಲು ಸತ್ತವನಷ್ಟು ಅನುಕೂಲದ ಮನುಷ್ಯ ಬೇರೆ ಸಿಗುವುದಿಲ್ಲ, ಅವನು ಎದುರು ಮಾತಾಡುವುದಿಲ್ಲ.

ಆಮೇಲೆ ನಡೆದದ್ದು ನೋಡಿದರೆ ನಗಬೇಕೋ ಉಗಿಯಬೇಕೋ ತಿಳಿಯುವುದಿಲ್ಲ. ಇಲ್ಲವೆಂದಿದ್ದ ಮಂಜು ಊರವರ ಬಾಯಲ್ಲಿ ಮತ್ತೆ ಬಂತು, ಡಾಕಪ್ಪ ಊರಿನ ಹೆಮ್ಮೆಯಾದ. ಉಪಮಂತ್ರಿಗಳು ಬರುವ ದಿನವೂ ಮುಲಾಜಿಗೆ ಬೀಳದೆ ಮಂಜಿನಲ್ಲಿ ಬಟ್ಟೆ ಹಾಸದೆ ನಿಂತ ಧೀರ ಎಂದು ಜನವರಿ ಇಪ್ಪತ್ತಾರರಂದು ಸಾಲಿಯ ಅಂಗಳದಲ್ಲಿ ಅವನಿಗೆ ಶಾಲು ಹೊದಿಸಿದರು. ಶಿವಾನಂದಪ್ಪ ಅರ್ಧ ತಾಸು ಭಾಷಣ ಮಾಡಿದ. ಡಾಕಪ್ಪ ಶಾಲಿನೊಳಗೆ ತಲೆ ತಗ್ಗಿಸಿ ನಿಂತಿದ್ದನ್ನು ಜನ ವಿನಯ ಎಂದು ತಿಳಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಮೈಲಾರೆಪ್ಪ. ಮನೆಗೆ ಬಂದ ಮೇಲೆ ಗುತ್ತೆವ್ವ ಆ ಶಾಲನ್ನು ಮಡಚಿ ಅಟ್ಟದ ಮೇಲೆ ಎಸೆದಳು. ಅದು ಡಾಕಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಶಿವರಾತ್ರಿ ಕಳೆದು ವಾರವಾಗಿತ್ತು. ಮಧ್ಯಾಹ್ನದ ಬಸ್ಸಿಗೆ ಹಾವೇರಿಯಿಂದ ಒಬ್ಬ ವಯಸ್ಸಾದ ಹೆಣ್ಣುಮಗಳು ಬಂದು, ಕೇಳುತ್ತ ಕೇಳುತ್ತ ಡಾಕಪ್ಪನ ಮನೆಗೆ ಬಂದರು. ಬಿಳಿ ಸೀರೆ, ಕೈಯಲ್ಲಿ ಒಂದು ಚೀಲ. ರಮೇಶನ ತಾಯಿ ಪದ್ಮಾಬಾಯಿ ಎಂದು ಅವರು ಹೇಳುವ ಮೊದಲೇ ಡಾಕಪ್ಪನಿಗೆ ತಿಳಿಯಿತು. ಮೂಗು, ಹಣೆ ಎಲ್ಲ ಅವನದೇ. ಗುತ್ತೆವ್ವ ಕಂಬಳಿ ಹಾಸಿದಳು, ನೀರು ತಂದಿಟ್ಟಳು. ಪದ್ಮಾಬಾಯಿ ಕೂರಲಿಲ್ಲ.

"ಡಾಕಪ್ಪನವರ, ನಿಮ್ಮನ್ನ ಒಮ್ಮೆ ನೋಡಿ ಹೋಗಬೇಕಂತ ಬಂದೀನಿ. ವರದಿ ಓದಿದೆ. ನಿಮ್ಮ ಸುದ್ದಿ ಅವ ಮನ್ಯಾಗ ಭಾಳ ಹೇಳತಿದ್ದ, ನಿಮ್ಮ ಮಾತು ಮೀರಂಗಿಲ್ಲ ಅಂತಿದ್ದ. ಅದ್ಹೆಂಗ ಮೀರಿದನೋ ನನಗ ತಿಳೀವಲ್ದು. ಮಕ್ಕಳನ್ನ ತಿದ್ದೂದ ನನ್ನ ಕೆಲಸ ಇತ್ತು, ನನ್ನ ಮಗನ್ನ ನಾ ನೆಟ್ಟಗ ತಿದ್ದಲಿಲ್ಲ ಅಂತ ಕಾಣ್ತದ. ನೀವು ನಿಮ್ಮ ಕೆಲಸ ಬರೋಬರಿ ಮಾಡೀರಿ. ಅವ ಕೇಳಲಿಲ್ಲ. ಅವನ ಪರವಾಗಿ ನಾ ತಪ್ಪಾತು ಅಂತೀನಿ."

ಹೀಗೆಂದು ಆ ತಾಯಿ ಡಾಕಪ್ಪನಿಗೆ ಎರಡೂ ಕೈ ಜೋಡಿಸಿದರು.

ಗುತ್ತೆವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನೇ ನೋಡುತ್ತಿದ್ದಳು. ಹರಗೋಲಿನ ಹರಾಜಿಗೆ ಇನ್ನು ಒಂದು ತಿಂಗಳಿತ್ತು. ಸುಮ್ಮನಿದ್ದರೆ ಈ ಹೆಣ್ಣುಮಗಳು ನಾಲ್ಕೂವರೆಯ ಬಸ್ಸಿಗೆ ಹೋಗಿಬಿಡುತ್ತಾರೆ, ಮತ್ತೆ ಬರುವುದಿಲ್ಲ. ಇದೆಲ್ಲ ಅವನಿಗೆ ಗೊತ್ತಿತ್ತು. ಹೆದರಿಕೆಯೂ ಇತ್ತು, ಹೊಟ್ಟೆಯ ಚಿಂತೆಯೂ ಇತ್ತು, ಆದರೆ ಆ ಜೋಡಿಸಿದ ಕೈಗಳನ್ನು ತಾಳಿಕೊಳ್ಳುವ ಶಕ್ತಿ ಮಾತ್ರ ಇರಲಿಲ್ಲ.

"ಕೈ ಇಳಸ್ರಿ ಬಾಯಾರ. ನಿಮ್ಮ ಮಗ ಮಾತು ಮೀರಿಲ್ಲ. ಬಟ್ಟಿ ಹಾಸಿತ್ರಿ."

ಪದ್ಮಾಬಾಯಿ ಈಗ ಕೂತರು.

ಡಾಕಪ್ಪ ಎಲ್ಲ ಹೇಳಿದ. ಬ್ಯಾಡಗಿಯ ಗಾದಿ, ಖಾರದ ಪುಡಿ, ಮೈಲಾರೆಪ್ಪನ ಮಾತು, ಮುಳ್ಳಿಲ್ಲದ ಜಾಗ. ಕೇಳಿದ್ದಕ್ಕೆ ಕೊಟ್ಟೆ ಎಂದಷ್ಟೇ ಹೇಳಿ ನಿಲ್ಲಿಸಬಹುದಿತ್ತು. ಸುಕ್ಕು ಬಾರದಂತೆ ಜಗ್ಗಿ ಹಾಸಿದ ಎರಡು ಜೊತೆ ಕೈಗಳಲ್ಲಿ ಒಂದು ಜೊತೆ ತನ್ನದು ಎಂಬುದನ್ನೂ, ಉಪಮಂತ್ರಿಗಳು ತನ್ನ ಬಟ್ಟೆಯ ಮೇಲೆ ಕೂರುತ್ತಾರೆಂದು ಹಿಗ್ಗಿದ್ದನ್ನೂ ಹೇಳಿದ. ಜೀಪಿನಲ್ಲಿ ರಮೇಶ ಆಡಿದ ಮಾತನ್ನು, ಅವನು ಆಡಿದಂತೆಯೇ, ಎರಡು ಸಲ ಹೇಳಿದ.

ಪದ್ಮಾಬಾಯಿ ಚೀಲದಿಂದ ನೋಟುಬುಕ್ಕು ತೆಗೆದು, ಅವನು ಹೇಳಿದ್ದನ್ನೆಲ್ಲ ಸಾಲಿ ಮಕ್ಕಳಿಗೆ ಬರೆದಂತೆ ದುಂಡಗೆ ಬರೆದರು. ಓದಿ ಹೇಳಿದರು. ಡಾಕಪ್ಪ ಹೆಬ್ಬೆಟ್ಟು ಒತ್ತಿದ.

"ನನ್ನ ಮಗಂದು ತಪ್ಪಿಲ್ಲ" ಎಂದರು ಪದ್ಮಾಬಾಯಿ. ಅದನ್ನು ಹೇಳುವಾಗ ಅಳು ಬಂತು, ಸೆರಗಿನಿಂದ ಒರೆಸಿಕೊಂಡರು. "ಇಷ್ಟು ದಿನಾ ಅವನ ಮ್ಯಾಲೆ ಸಿಟ್ಟು ಮಾಡಕೊಂಡು ಕೂತಿದ್ದೆ ನಾನು. ಡಾಕಪ್ಪನವರ, ನೀವು ಹೇಳಿದ್ದು ದೊಡ್ಡದು ಆತು. ಆದ್ರ ನಿಮ್ಮನ್ನ ಕ್ಷಮಾ ಮಾಡೂದು ನನ್ನ ಕಡಿಂದ ಆಗೂದಿಲ್ಲ. ಆ ಆಶಾ ಇಟಗೋಬ್ಯಾಡ್ರಿ."

"ಇಟಗೊಂಡಿಲ್ರಿ ಬಾಯಾರ."

ಬಸ್ ನಿಲ್ದಾಣದ ತನಕ ಚೀಲ ಹಿಡಿದುಕೊಂಡು ಗುತ್ತೆವ್ವ ಹೋದಳು.

ಸುದ್ದಿ ಮುಚ್ಚಿಡುವುದು ಮೇಡ್ಲೇರಿಯಲ್ಲಿ ಆಗುವ ಮಾತಲ್ಲ. ದೀಪ ಹಚ್ಚುವ ಹೊತ್ತಿಗೆ ಮೈಲಾರೆಪ್ಪ ಕರೆಯಲು ಬಂದ. ಪಡಸಾಲೆಯಲ್ಲಿ ಶಿವಾನಂದಪ್ಪ ಅತ್ತಿಂದಿತ್ತ ಅಡ್ಡಾಡುತ್ತಿದ್ದ. ಈ ಸಲ ಚಹಾ ಇರಲಿಲ್ಲ, ಖುರ್ಚಿಯೂ ಇರಲಿಲ್ಲ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಆಶ್ಚರ್ಯವಾಗಿತ್ತು. ತನ್ನ ಅರವತ್ತು ವರ್ಷದಲ್ಲಿ ಇಂಥ ದಡ್ಡತನವನ್ನು ಅವನು ಕಂಡಿರಲಿಲ್ಲ.

"ಪೊಲೀಸರು ಕೇಳಿದಾಗ ಸುಮ್ಮನಿದ್ದಿ. ಸಾಹೇಬರು ಕೇಳಿದಾಗ ಸುಮ್ಮನಿದ್ದಿ. ಎಲ್ಲಾ ಮುಗದು ಮಣ್ಣಾಗಿತ್ತು. ಆಕಿ ನಿನಗ ಏನೂ ಕೇಳಿಲ್ಲ. ಹೆದರಿಸಿಲ್ಲ, ಬೈದಿಲ್ಲ. ಹರಗೋಲು ಹೋತು, ಮಾನಾ ಹೋತು, ನಾಳೆ ನಿನ್ನ ಸಂಗಾಟ ನಾನೂ ಕೋರ್ಟು ಹತ್ತಬೇಕು. ಆಕಿ ಕೇಳದನ ಯಾಕ ಹೇಳಿದ್ಯೋ ಮಗನ?"

ಡಾಕಪ್ಪ ತಲೆ ತಗ್ಗಿಸಲಿಲ್ಲ.

"ಆಕಿ ನನಗ ಕೈ ಮುಗದ್ಲರಿ" ಎಂದ.